ಸುಟ್ಟರೂ ಅಳಿಯದ ಸಾಕ್ಷಿ: ಕ್ಲೋಟಿಲ್ಡಾ ಹಡಗಿನ ಚರಿತ್ರೆ

ಮನುಷ್ಯನು ಮನುಷ್ಯನನ್ನೇ ಸರಕೆಂದು ಎಣಿಸಿ, ಬೆಲೆ ಕಟ್ಟಿ, ಹಡಗಿಗೆ ಹೇರಿ ಸಾಗಿಸಿದ ಕಾಲವೊಂದು ಲೋಕದ ಚರಿತ್ರೆಯಲ್ಲಿ ಇದ್ದಿತು. ಅದು ಎಲ್ಲಿಯೋ ಒಮ್ಮೆ ನಡೆದುಹೋದ ದುರ್ಘಟನೆಯಲ್ಲ. ಮೂರೂವರೆ ಶತಮಾನಗಳ ಕಾಲ ಲೆಕ್ಕಪುಸ್ತಕ ಇಟ್ಟು ನಡೆಸಿದ ವ್ಯಾಪಾರ. 16ನೆಯ ಶತಮಾನದ ಆದಿಯಿಂದ 19ನೆಯ ಶತಮಾನದ ಉತ್ತರಾರ್ಧದವರೆಗೆ ಆಫ್ರಿಕಾದ ತೀರದಿಂದ ಸುಮಾರು 1 ಕೋಟಿ 25 ಲಕ್ಷ ಜನರನ್ನು ಅಟ್ಲಾಂಟಿಕ್ ಸಾಗರ ದಾಟಿಸಲು ಹಡಗುಗಳಿಗೆ ತುಂಬಲಾಯಿತೆಂದೂ, ಅವರಲ್ಲಿ ಆಚೆಯ ದಡವನ್ನು ಜೀವಂತವಾಗಿ ಕಂಡವರು ಸುಮಾರು 1 ಕೋಟಿ 7 ಲಕ್ಷ ಜನರೆಂದೂ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಉಳಿದವರಿಗೆ ಕಡಲೇ ರುದ್ರಭೂಮಿಯಾಯಿತು.

ಕೋಟಿಯ ಲೆಕ್ಕ ಬುದ್ಧಿಗೆ ತಿಳಿಯುತ್ತದೆ, ಮನಸ್ಸಿಗೆ ತಟ್ಟುವುದಿಲ್ಲ. ಒಂದು ಮನೆಯ ದುಃಖ ತಟ್ಟುತ್ತದೆ, ಒಬ್ಬ ತಾಯಿಯ ಕಣ್ಣೀರು ತಟ್ಟುತ್ತದೆ. ಆದ್ದರಿಂದ ನಾವು ಈ ಲೇಖನದಲ್ಲಿ ಆ ಮಹಾಪಾಪದ ಚರಿತ್ರೆಯನ್ನೆಲ್ಲ ಹೇಳಲು ಹೊರಟಿಲ್ಲ. ಒಂದೇ ಒಂದು ಹಾಯಿಹಡಗಿನ ಕಥೆಯನ್ನು, ಅದರ ಒಡಲಲ್ಲಿ ಬಂದ 110 ಜನರ ಕಥೆಯನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಆ ಹಡಗಿನ ಹೆಸರು ಕ್ಲೋಟಿಲ್ಡಾ. ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಆಫ್ರಿಕಾದಿಂದ ಗುಲಾಮರನ್ನು ಹೊತ್ತು ತಂದ ಹಡಗುಗಳಲ್ಲಿ ಇದೇ ಕೊನೆಯದೆಂದು ಚರಿತ್ರಕಾರರು ಗುರುತಿಸಿದ್ದಾರೆ.

ಪಂತಕ್ಕಾಗಿ ಹೊರಟ ಹಡಗು

ಅಮೆರಿಕದ ದಕ್ಷಿಣದಲ್ಲಿ ಅಲಬಾಮಾ ಎಂಬ ರಾಜ್ಯವಿದೆ. ಅಲ್ಲಿಯ ಮೊಬೀಲ್ ನಗರವು ನದಿಯ ಮುಖದಲ್ಲಿರುವ ರೇವುಪಟ್ಟಣ. 19ನೆಯ ಶತಮಾನದ ನಡುವಿನಲ್ಲಿ ಹತ್ತಿಯ ವ್ಯಾಪಾರದಿಂದ ಅದು ಬಹಳ ಶ್ರೀಮಂತವಾಗಿತ್ತು. ಹತ್ತಿ ಬೆಳೆಯುವ ಹೊಲಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಹೊಲ ಹೆಚ್ಚಿದಂತೆ ಆಳುಗಳ ಬೇಡಿಕೆಯೂ ಹೆಚ್ಚಿತು. ಬೇಡಿಕೆ ಹೆಚ್ಚಿದಂತೆ ಗುಲಾಮರ ಬೆಲೆಯೂ ಏರಿತು.

ಆದರೆ ಹೊರದೇಶದಿಂದ ಗುಲಾಮರನ್ನು ತರುವುದನ್ನು ಅಮೆರಿಕದ ಶಾಸನವು 1808ರ ಜನವರಿ 1ರಿಂದಲೇ ನಿಷೇಧಿಸಿತ್ತು. 1820ರಲ್ಲಿ ಇನ್ನೊಂದು ಶಾಸನ ಬಂದು, ಈ ವ್ಯಾಪಾರವನ್ನು ಕಡಲ್ಗಳ್ಳತನವೆಂದು ಸಾರಿ, ಅದಕ್ಕೆ ಮರಣದಂಡನೆಯನ್ನು ಗೊತ್ತುಪಡಿಸಿತು. ದೇಶದೊಳಗೆ ಗುಲಾಮರನ್ನು ಕೊಳ್ಳಬಹುದು, ಮಾರಬಹುದು, ಮಕ್ಕಳನ್ನು ತಾಯಿಯಿಂದ ಅಗಲಿಸಬಹುದು, ಕಡಲಾಚೆಯಿಂದ ತರುವಂತಿಲ್ಲ. ಶಾಸನದ ನೀತಿ ಅಷ್ಟೇ ಆಗಿತ್ತು. ಇದ್ದ ಆ ಶಾಸನವನ್ನಾದರೂ ಬಿಗಿಯಾಗಿ ನಡೆಸುವವರು ಇರಲಿಲ್ಲ.

ಮೊಬೀಲಿನಲ್ಲಿ ತಿಮೊಥಿ ಮೀಹರ್ ಎಂಬ ಸಿರಿವಂತನಿದ್ದನು. ಉಗಿಹಡಗುಗಳು, ಮರ ಕೊಯ್ಯುವ ಗಿರಣಿ, ವಿಶಾಲವಾದ ಜಮೀನು ಎಲ್ಲವೂ ಅವನಿಗೆ ಇದ್ದವು. ಒಂದು ದಿನ ಮಾತಿಗೆ ಮಾತು ಬೆಳೆದು, ಸರಕಾರದ ಅಧಿಕಾರಿಗಳ ಕಣ್ಣೆದುರಿನಲ್ಲಿಯೇ ಒಂದು ಹಡಗಿನ ತುಂಬ ಆಫ್ರಿಕದ ಜನರನ್ನು ಮೊಬೀಲಿಗೆ ತರುವೆನೆಂದು ಅವನು ಪಂತ ಕಟ್ಟಿದನು. ನೂರಾರು ಜನರ ಬಾಳನ್ನು ಬೂದಿ ಮಾಡಿದ ಕಾರ್ಯವೊಂದು ಹಣದಾಸೆಯೊಂದಿಗೆ ಇಂತಹ ಒಣ ಜಂಬದಿಂದಲೂ ಹುಟ್ಟಿತೆಂಬುದನ್ನು ನೆನೆದರೆ ಮೈ ನಡುಗುತ್ತದೆ.

ಈ ಕೆಲಸಕ್ಕೆ ಅವನು ಆರಿಸಿಕೊಂಡದ್ದು ಕ್ಲೋಟಿಲ್ಡಾ ಹಡಗನ್ನು. ವಿಲಿಯಂ ಫಾಸ್ಟರ್ ಎಂಬುವನು 1855ರಲ್ಲಿ ಮೊಬೀಲಿನಲ್ಲಿಯೇ ಅದನ್ನು ಕಟ್ಟಿದ್ದನು. ಎರಡು ಕೂವೆಮರಗಳ ಸ್ಕೂನರ್ ಜಾತಿಯ ಹಾಯಿಹಡಗು. 86 ಅಡಿ ಉದ್ದ, 23 ಅಡಿ ಅಗಲ. ದೇವದಾರು ಜಾತಿಯ ಗಟ್ಟಿ ಹಲಗೆ, ಓಕ್ ಮರದ ಚೌಕಟ್ಟು, ತಳಕ್ಕೆ ತಾಮ್ರದ ತಗಡಿನ ಹೊದಿಕೆ. ಮರಮುಟ್ಟು ಸಾಗಿಸಲೆಂದು ಕಟ್ಟಿದ್ದ, ವೇಗವಾಗಿ ಓಡುವ ಹಡಗು ಅದು. ಕಟ್ಟಿದವನೇ ಅದರ ನಾಯಕನೂ ಆದನು. 1860ರ ಮಾರ್ಚ್ 4ರಂದು 9,000 ಡಾಲರಿನ ಚಿನ್ನದೊಂದಿಗೆ ಫಾಸ್ಟರನು ಹಾಯಿ ಬಿಚ್ಚಿದನು. ಹಡಗಿನ ತಳಕೋಣೆಯಲ್ಲಿ ನೀರಿನ ಪೀಪಾಯಿಗಳನ್ನೂ ದವಸವನ್ನೂ ಅಡಗಿಸಿ, ಅವುಗಳ ಮೇಲೆ ಮರದ ಹಲಗೆಗಳನ್ನು ಹೇರಲಾಗಿತ್ತು. ನೋಡಿದವರಿಗೆ ಅದು ಮರದ ವ್ಯಾಪಾರಕ್ಕೆ ಹೊರಟ ಹಡಗು. ಆ ಹಲಗೆಗಳೇ ಮುಂದೆ ಮನುಷ್ಯರನ್ನು ಸಾಲಾಗಿ ಮಲಗಿಸುವ ಅಟ್ಟಣೆಗಳಾಗಲಿದ್ದವು.

ಬೆಳಗಿನ ಜಾವದ ದಾಳಿ

ಅದೇ ಸಮಯದಲ್ಲಿ ಪಶ್ಚಿಮ ಆಫ್ರಿಕದಲ್ಲಿ, ಇಂದು ಬೆನಿನ್ ಎಂದು ಕರೆಯುವ ದೇಶದಲ್ಲಿ, ದಹೋಮಿ ಎಂಬ ಬಲಿಷ್ಠ ರಾಜ್ಯವಿತ್ತು. ಗ್ಲೆಲೆ ಎಂಬುವನು ಅದರ ಅರಸ. ನೆರೆಯ ಊರುಗಳ ಮೇಲೆ ದಾಳಿ ಮಾಡಿ, ಸೆರೆ ಸಿಕ್ಕವರನ್ನು ಕಡಲತೀರದ ವ್ಯಾಪಾರಿಗಳಿಗೆ ಮಾರುವುದು ಆ ರಾಜ್ಯದ ಆದಾಯದ ಒಂದು ದಾರಿಯಾಗಿತ್ತು. ಕೊಳ್ಳುವವನು ಬಿಳಿಯ, ಮಾರುವವನು ಕರಿಯ. ಲೋಭಕ್ಕೆ ಬಣ್ಣದ ಭೇದವಿಲ್ಲವೆಂಬ ಕಹಿ ಸತ್ಯವನ್ನು ಈ ಕಥೆ ಮುಚ್ಚಿಡುವುದಿಲ್ಲ. ಹಾಗೆಂದು ಕೊಂಡವನ ಪಾಪವು ಹಗುರವಾಗುವುದೂ ಇಲ್ಲ. ಕೊಳ್ಳುವವರ ಚಿನ್ನವಿಲ್ಲದಿದ್ದರೆ ಈ ಸಂತೆ ಇಷ್ಟು ಬೆಳೆಯುತ್ತಿರಲಿಲ್ಲ.

1860ರ ವಸಂತದಲ್ಲಿ ಒಂದು ದಿನ ಬೆಳಗಿನ ಜಾವ, ಜನ ಇನ್ನೂ ನಿದ್ದೆಯಲ್ಲಿರುವಾಗ, ದಹೋಮಿಯ ಸೈನ್ಯವು ಯೊರುಬಾ ಜನರ ಊರೊಂದನ್ನು ಮುತ್ತಿತು. ಆ ಸೈನ್ಯದಲ್ಲಿ ಪ್ರಸಿದ್ಧ ಮಹಿಳಾ ಯೋಧರೂ ಇದ್ದರು. ಊರಿನ ಬಾಗಿಲುಗಳಲ್ಲಿ ಓಡಿ ಬಂದವರನ್ನು ಹಿಡಿದರು, ಮುದುಕರನ್ನು ಕೊಂದರು, ಬಲವುಳ್ಳ ತರುಣ ತರುಣಿಯರನ್ನು ಕಟ್ಟಿ ನಡೆಸಿಕೊಂಡು ಹೋದರು. ಹೀಗೆ ಸೆರೆಯಾದವರಲ್ಲಿ ಕೊಸ್ಸೋಲ ಎಂಬ ಸುಮಾರು ಹತ್ತೊಂಬತ್ತು ವರ್ಷದ ತರುಣರೊಬ್ಬರು ಇದ್ದರು. ಮದುವೆಯ ವಯಸ್ಸಿಗೆ ಬರುತ್ತಿದ್ದ ಆ ತರುಣರ ಮನೆ, ತಾಯಿ, ಒಡಹುಟ್ಟಿದವರು ಎಲ್ಲವೂ ಒಂದೇ ಬೆಳಗಿನಲ್ಲಿ ಇಲ್ಲವಾದವು. ಅವರು ಮತ್ತೆಂದೂ ತಾಯಿಯ ಮುಖವನ್ನು ಕಾಣಲಿಲ್ಲ.

ಸೆರೆಯವರನ್ನು ಕಡಲತೀರದ ವೀದಾ ಎಂಬ ಪಟ್ಟಣಕ್ಕೆ ನಡೆಸಿ ತಂದು, ದನದ ದೊಡ್ಡಿಯಂತಹ ಬೇಲಿಯೊಳಗೆ ಕೂಡಿದರು. ಮೂರು ವಾರಗಳಷ್ಟು ಕಾಲ ಅವರು ಅಲ್ಲಿದ್ದರು. ಮೇ 15ರಂದು ಫಾಸ್ಟರನ ಹಡಗು ತೀರಕ್ಕೆ ಬಂದಿತು. ಅವನು ದೊಡ್ಡಿಗೆ ಬಂದು, ಗಂಡಸರನ್ನೂ ಹೆಂಗಸರನ್ನೂ ವೃತ್ತಾಕಾರವಾಗಿ ನಿಲ್ಲಿಸಿ, ಹಲ್ಲು, ಕೈಕಾಲು, ಮೈಕಟ್ಟನ್ನು ಪರೀಕ್ಷಿಸಿ ಆರಿಸಿದನು. ತಲೆಯೊಂದಕ್ಕೆ 100 ಡಾಲರ್ ಬೆಲೆ. 125 ಜನರನ್ನು ಕೊಂಡಿದ್ದನು. ಆದರೆ ಅವರನ್ನು ಹಡಗಿಗೆ ಏರಿಸುತ್ತಿದ್ದಾಗ ದೂರದಲ್ಲಿ ಬೇರೆ ಹಡಗುಗಳು ಕಾಣಿಸಿಕೊಂಡವು. ಸಿಕ್ಕಿಬೀಳುವ ಭಯದಿಂದ ಉಳಿದವರನ್ನು ದಡದಲ್ಲಿಯೇ ಬಿಟ್ಟು 110 ಜನರೊಂದಿಗೆ ಹೊರಟುಬಿಟ್ಟನು.

ಹಡಗು ಏರುವ ಮೊದಲು ಅವರ ಮೈಮೇಲಿದ್ದ ಬಟ್ಟೆಗಳನ್ನು ಕಿತ್ತುಕೊಂಡರು. ಅಮೆರಿಕದ ನೆಲದಲ್ಲಿ ಕಾಲಿಟ್ಟಾಗ ಅಲ್ಲಿಯ ಜನ, ಆಫ್ರಿಕದವರು ಬಟ್ಟೆಯನ್ನೇ ಅರಿಯದ ಕಾಡುಜನರೆಂದು ಆಡಿಕೊಂಡರು. ಬಟ್ಟೆಯನ್ನು ಕಿತ್ತವರು ಯಾರೆಂದು ಕೇಳುವವರಿರಲಿಲ್ಲ. ಆ ಅವಮಾನವನ್ನು ಕೊಸ್ಸೋಲ ಅವರು ತಮ್ಮ ಮುಪ್ಪಿನ ಕಾಲದವರೆಗೂ ಮರೆಯಲಿಲ್ಲ.

ಕಡಲ ಮೇಲಿನ ದಿನಗಳು

ತಳಕೋಣೆಯ ಕತ್ತಲಲ್ಲಿ ಎದ್ದು ನಿಲ್ಲುವುದಕ್ಕೂ ಎಡೆಯಿರಲಿಲ್ಲ. ಕುಡಿಯಲು ದಿನಕ್ಕೆ ಎರಡು ಬಾರಿ ಒಂದಿಷ್ಟು ನೀರು. ಅದೂ ಹುಳಿಯ ರುಚಿಯದು. ಕಡಲನ್ನೇ ಕಂಡರಿಯದ ಆ ಜನರಿಗೆ ಅಲೆಗಳ ಗರ್ಜನೆಯು ಕಾಡಿನ ಮೃಗಗಳ ಕೂಗಿನಂತೆ ಕೇಳಿಸುತ್ತಿತ್ತು. ಹದಿಮೂರು ದಿನಗಳ ನಂತರ ಮೊದಲ ಬಾರಿಗೆ ಮೇಲಿನ ಅಟ್ಟಕ್ಕೆ ಕರೆತಂದಾಗ ಯಾರಿಗೂ ಕಾಲೂರಿ ನಿಲ್ಲಲಾಗಲಿಲ್ಲ. ನಾವಿಕರು ತೋಳು ಹಿಡಿದು ನಡೆಸಬೇಕಾಯಿತು. ಸುತ್ತಲೂ ನೋಡಿದರೆ ನೀರು, ನೀರು, ನೀರು. ಎಲ್ಲಿಂದ ಬಂದೆವು, ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದೊಂದೂ ಅವರಿಗೆ ತಿಳಿಯದು. ಅವರ ನಡುವೆ ಎರಡು ವರ್ಷದ ಕೂಸೊಂದು ತನ್ನ ತಾಯಿ ಹಾಗೂ ಅಕ್ಕಂದಿರೊಡನೆ ಇತ್ತು. ಮುಂದೆ ಮಟಿಲ್ಡಾ ಎಂಬ ಹೆಸರು ಪಡೆದ ಆ ಕೂಸಿನ ಮಾತು ಈ ಲೇಖನದಲ್ಲಿ ಮತ್ತೆ ಬರುತ್ತದೆ.

1860ರ ಜುಲೈ ತಿಂಗಳ ಎರಡನೆಯ ವಾರದಲ್ಲಿ ಹಡಗು ಅಲಬಾಮಾದ ತೀರವನ್ನು ಸೇರಿತು. ರಾತ್ರಿಯ ಕತ್ತಲಲ್ಲಿ ಒಂದು ಉಗಿದೋಣಿಯು ಕ್ಲೋಟಿಲ್ಡಾವನ್ನು ನದಿಯೊಳಗೆ ಎಳೆದೊಯ್ದಿತು. ಸೆರೆಯವರನ್ನು ಇನ್ನೊಂದು ಉಗಿಹಡಗಿಗೆ ಸಾಗಿಸಿ, ಮನುಷ್ಯರ ಸುಳಿವಿಲ್ಲದ ಜವುಗು ನೆಲದ ಜೊಂಡಿನಲ್ಲಿ ಅಡಗಿಸಿದರು. ಬಳಿಕ ಫಾಸ್ಟರನು ತಾನೇ ಕಟ್ಟಿದ ಹಡಗಿಗೆ ತನ್ನ ಕೈಯಿಂದಲೇ ಬೆಂಕಿ ಇಟ್ಟು ನದಿಯಲ್ಲಿ ಮುಳುಗಿಸಿದನು. ಗುಲಾಮರ ಹಡಗೆಂದರೆ ಅದರ ಒಡಲೇ ಸಾಕ್ಷಿ ನುಡಿಯುತ್ತದೆ. ಹಡಗೇ ಇಲ್ಲವಾದರೆ ಅಪರಾಧವೂ ಇಲ್ಲ ಎಂಬುದು ಅವರ ಎಣಿಕೆ.

ಆ ಎಣಿಕೆಯು ಆ ಕಾಲಕ್ಕೆ ಸುಳ್ಳಾಗಲಿಲ್ಲ. ಸುದ್ದಿ ಊರೆಲ್ಲ ಹರಡಿ, ಸರಕಾರವು ಮೊಕದ್ದಮೆ ಹೂಡಿತಾದರೂ, ಸೆರೆಯವರು ಸಿಕ್ಕಲಿಲ್ಲವೆಂಬ ಕಾರಣದಿಂದ 1861ರ ಆರಂಭದಲ್ಲಿ ಅದು ಬಿದ್ದುಹೋಯಿತು. ಕೆಲವೇ ತಿಂಗಳಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಎಲ್ಲವೂ ಮರೆಯಾಯಿತು. 1820ರ ಶಾಸನದಂತೆ ಈ ವ್ಯಾಪಾರಕ್ಕಾಗಿ ಗಲ್ಲಿಗೇರಿದವನು ಇಡೀ ಅಮೆರಿಕದಲ್ಲಿ ಒಬ್ಬನೇ. ನಥೇನಿಯಲ್ ಗಾರ್ಡನ್ ಎಂಬ ಹಡಗಿನ ನಾಯಕನನ್ನು 1862ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಗಲ್ಲಿಗೆ ಹಾಕಿದರು. ಮೀಹರನಾಗಲಿ ಫಾಸ್ಟರನಾಗಲಿ ಒಂದು ದಿನವೂ ಸೆರೆಮನೆ ಕಾಣಲಿಲ್ಲ. ಮೂವತ್ತು ವರ್ಷಗಳ ನಂತರ ಇಬ್ಬರೂ ತಮ್ಮ ಸಾಹಸವನ್ನು ತಾವೇ ಬಣ್ಣಿಸಿದರು; ಒಬ್ಬನು ಪತ್ರಕರ್ತರ ಮುಂದೆ, ಇನ್ನೊಬ್ಬನು ಲೇಖನಿ ಹಿಡಿದು.

ಬಿಡುಗಡೆ ಬಂದಿತು, ಊರು ಬರಲಿಲ್ಲ

ಸೆರೆಯವರನ್ನು ಮೀಹರ್ ಸಹೋದರರೂ ಫಾಸ್ಟರನೂ ಹಂಚಿಕೊಂಡರು. ಕೆಲವರನ್ನು ನದಿಯ ಮೇಲ್ಭಾಗದ ಜಮೀನುದಾರರಿಗೆ ಮಾರಿದರು. ಕಡಲ ಮೇಲೆ ಎಪ್ಪತ್ತು ಹಗಲು ಕೂಡ ಒಟ್ಟಿಗೆ ಕಳೆಯದಿದ್ದ ಆ ಜನ, ಬೇರೆಯಾಗುವ ದಿನ ಒಡಹುಟ್ಟಿದವರಂತೆ ಗೋಳಾಡಿದರು. ಎಲ್ಲವನ್ನೂ ಕಳೆದುಕೊಂಡ ಮೇಲೆ ಅವರಿಗೆ ಉಳಿದಿದ್ದ ಬಂಧುಬಳಗವೆಂದರೆ ಹಡಗಿನ ಸಂಗಾತಿಗಳೇ.

ಐದು ವರ್ಷ ಗುಲಾಮಗಿರಿ ನಡೆಯಿತು. 1865ರ ಏಪ್ರಿಲ್ 12ರಂದು ಮೊಬೀಲ್ ನಗರವು ಉತ್ತರದ ಸೈನ್ಯಕ್ಕೆ ಶರಣಾಯಿತು. ಉಗಿಹಡಗಿನಲ್ಲಿ ದುಡಿಯುತ್ತಿದ್ದ ಕೊಸ್ಸೋಲ ಮತ್ತು ಸಂಗಡಿಗರಿಗೆ, ದಡದಲ್ಲಿ ಹಿಪ್ಪುನೇರಳೆ ಹಣ್ಣು ಕೀಳುತ್ತಿದ್ದ ಸೈನಿಕರು ನೀವಿನ್ನು ಸ್ವತಂತ್ರರೆಂದು ಹೇಳಿದರು. ಸ್ವತಂತ್ರರಾದೆವು, ಸರಿ, ಹೋಗುವುದೆಲ್ಲಿಗೆ? ಅವರಿಗೆ ಮನೆಯಿಲ್ಲ, ಅಂಗೈಯಗಲ ನೆಲವಿಲ್ಲ. ಮನಸ್ಸೆಲ್ಲ ತಾಯ್ನಾಡಿನತ್ತ. ಗಂಡಸರು ಗಿರಣಿಯಲ್ಲಿ ದಿನಕ್ಕೆ ಒಂದು ಡಾಲರಿಗೆ ದುಡಿದರು. ಹೆಂಗಸರು ತರಕಾರಿ ಬೆಳೆದು ಮಾರಿದರು. ಆದರೆ ಅಷ್ಟು ಜನ ಸಾಗರ ದಾಟಲು ಬೇಕಾದ ಹಣವನ್ನು ಕೂಡಿಸುವುದು ಆಗದ ಮಾತೆಂದು ಬೇಗನೆ ತಿಳಿಯಿತು.

ಆಗ ಅವರೆಲ್ಲ ಕೊಸ್ಸೋಲ ಅವರನ್ನು ತಮ್ಮ ಪರವಾಗಿ ಮಾತನಾಡಲು ನೇಮಿಸಿದರು. ಅವರು ತಿಮೊಥಿ ಮೀಹರನ ಎದುರು ನಿಂತು, ನಮ್ಮ ನಾಡಿನಿಂದ ನಮ್ಮನ್ನು ಕಿತ್ತು ತಂದವನು ನೀನು, ಐದು ವರ್ಷ ಕೂಲಿಯಿಲ್ಲದೆ ದುಡಿಸಿಕೊಂಡವನು ನೀನು, ನಮಗೆ ನೆಲೆಯೂರಲು ಒಂದಿಷ್ಟು ನೆಲ ಕೊಡು ಎಂಬ ಅರ್ಥದ ಮಾತನ್ನಾಡಿದರು. ಮೀಹರನು ಸಿಡಿದೆದ್ದು ನಿರಾಕರಿಸಿದನು. ಕೊಟ್ಟ ನೆಲವಿಲ್ಲವಾದ ಮೇಲೆ ಕೊಂಡ ನೆಲವಾದರೂ ಆಗಲೆಂದು ಅವರು ಬ್ರೆಡ್ಡು ಮತ್ತು ಕಾಕಂಬಿಯಲ್ಲಿ ಹೊಟ್ಟೆ ಹೊರೆದು ಕಾಸಿಗೆ ಕಾಸು ಕೂಡಿಸಿದರು; ನೆಲ ಕೊಂಡರು. ಅದರಲ್ಲಿ ಒಂದು ಭಾಗವನ್ನು ಮೀಹರ್ ಕುಟುಂಬದವರಿಗೇ ಹಣ ತೆತ್ತು ಕೊಳ್ಳಬೇಕಾಯಿತು. ಆ ನೆಲದ ಮೇಲೆ ಅವರು ಕಟ್ಟಿದ ಊರೇ ಆಫ್ರಿಕಾಟೌನ್.

ಸೆರೆಯಿಂದ ಬಂದ ಜನ ಒಂದು ಊರನ್ನು ಹೇಗೆ ಕಟ್ಟಿದರೆಂಬುದು ನಮ್ಮ ಕುಟುಂಬಗಳಲ್ಲಿ ಹಿರಿಯರು ಕಿರಿಯರಿಗೆ ಹೇಳಬೇಕಾದ ವಿಷಯ. ಅವರಲ್ಲಿ ಗುಂಪಾ ಎಂಬ ಹಿರಿಯರು ದಹೋಮಿಯವರು. ಅಂದರೆ ಉಳಿದವರ ಊರನ್ನು ಸುಟ್ಟ ರಾಜ್ಯದವರು. ಆದರೂ ಅವರನ್ನೇ ಊರಿನ ಯಜಮಾನರನ್ನಾಗಿ ಆರಿಸಿದರು. ಅರಸನು ಮಾಡಿದ ತಪ್ಪಿಗೆ ತಮ್ಮಂತೆಯೇ ಸಂಕೋಲೆ ಹೊತ್ತವರನ್ನು ಹೊಣೆ ಮಾಡಬಾರದೆಂಬ ವಿವೇಕ ಅವರಲ್ಲಿತ್ತು. ನ್ಯಾಯ ಹೇಳಲು ಇಬ್ಬರನ್ನು ನೇಮಿಸಿದರು. ಕಳ್ಳತನ ಮಾಡಕೂಡದು, ಕುಡಿದು ಹಾದಿತಪ್ಪಕೂಡದು, ಒಬ್ಬರಿಗೊಬ್ಬರು ಕೇಡು ಬಗೆಯಕೂಡದೆಂದು ಕಟ್ಟಳೆ ಮಾಡಿಕೊಂಡರು. 1872ರಲ್ಲಿ ತಮ್ಮದೇ ಪ್ರಾರ್ಥನಾ ಮಂದಿರವನ್ನು ಕಟ್ಟಿದರು. ಶಾಲೆಯ ಕಟ್ಟಡವನ್ನು ತಾವೇ ಎಬ್ಬಿಸಿ, ಅನಂತರ ಉಪಾಧ್ಯಾಯರನ್ನು ಕಳಿಸಿರೆಂದು ಸರಕಾರವನ್ನು ಕೇಳಿದರು. ತಮ್ಮ ಮಕ್ಕಳಿಗೆ ಎರಡೆರಡು ಹೆಸರಿಟ್ಟರು: ಒಂದು ಹೊಸ ನಾಡಿನಲ್ಲಿ ಬಾಳುವುದಕ್ಕೆ, ಇನ್ನೊಂದು ಹಳೆಯ ನಾಡನ್ನು ಮರೆಯದಿರುವುದಕ್ಕೆ.

ಕೊನೆಯವರೆಗೂ ಹೇಳಿದ ಕಥೆ

ಕೊಸ್ಸೋಲ ಅವರು ಅದೇ ಹಡಗಿನಲ್ಲಿ ಬಂದ ಅಬಿಲೆ ಎಂಬುವರನ್ನು ಮದುವೆಯಾದರು. ಅಮೆರಿಕದವರ ನಾಲಿಗೆಗೆ ಅವರ ಹೆಸರು ಒಗ್ಗದೆ ಕಜೋ ಲೂಯಿಸ್ ಎಂದಾಯಿತು. ಆರು ಮಕ್ಕಳು ಹುಟ್ಟಿದರು. ಒಬ್ಬಳೇ ಮಗಳು ಹದಿಹರೆಯದಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಒಬ್ಬ ಮಗನನ್ನು ಪೊಲೀಸು ಅಧಿಕಾರಿಯೊಬ್ಬನು ಗುಂಡಿಕ್ಕಿ ಕೊಂದನು. ಇನ್ನೊಬ್ಬ ಮಗ ರೈಲಿಗೆ ಸಿಕ್ಕಿ ಸತ್ತನು. ಒಬ್ಬೊಬ್ಬರಾಗಿ ಆರು ಮಕ್ಕಳೂ, 1908ರಲ್ಲಿ ಮಡದಿಯೂ ಕಣ್ಣೆದುರಿಗೇ ಹೋದರು. ಸ್ವತಃ ಅವರೂ 1902ರಲ್ಲಿ ರೈಲು ಬಡಿದು ಗಾಯಗೊಂಡು, ದುಡಿಯುವ ಶಕ್ತಿ ಕಳೆದುಕೊಂಡರು. ನ್ಯಾಯಾಲಯವು 650 ಡಾಲರ್ ಪರಿಹಾರ ಕೊಡಬೇಕೆಂದಿತು. ಮೇಲಿನ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಊರಿನವರು ಅವರಿಗೆ ಪ್ರಾರ್ಥನಾ ಮಂದಿರವನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು.

1927ರಲ್ಲಿ ಜೋರಾ ನೀಲ್ ಹರ್ಸ್ಟನ್ ಎಂಬ ತರುಣ ಲೇಖಕಿ ಅವರನ್ನು ಕಾಣಲು ಬಂದರು. ಪೀಚ್ ಹಣ್ಣು, ಕಲ್ಲಂಗಡಿ ತಂದುಕೊಟ್ಟು, ಜಗಲಿಯ ಮೇಲೆ ಕುಳಿತು, ಮುದುಕರು ಮಾತನಾಡಿದ ದಿನ ಕೇಳಿ, ಮಾತನಾಡದ ದಿನ ಸುಮ್ಮನಿದ್ದು, ಆ ಜೀವನಕಥೆಯನ್ನು ಬರೆದುಕೊಂಡರು. ಛಾಯಾಚಿತ್ರ ತೆಗೆಯಬೇಕೆಂದಾಗ ಕೊಸ್ಸೋಲ ಅವರು ತಮ್ಮಲ್ಲಿದ್ದ ಒಳ್ಳೆಯ ಉಡುಪು ಧರಿಸಿ ಬಂದರು. ಆದರೆ ಕಾಲಿನ ಪಾದರಕ್ಷೆಯನ್ನು ಕಳಚಿಟ್ಟಿದ್ದರು. ಆಫ್ರಿಕದಲ್ಲಿ ಇದ್ದಂತೆಯೇ ಚಿತ್ರದಲ್ಲಿ ಕಾಣಬೇಕೆಂಬುದು ಅವರ ಆಸೆ. ಹುಟ್ಟಿದ ಊರನ್ನು ಬಿಟ್ಟು 67 ವರ್ಷಗಳಾಗಿದ್ದವು.

ಹರ್ಸ್ಟನ್ ಅವರು ಆ ಕಥೆಯನ್ನು ಕೊಸ್ಸೋಲ ಅವರ ಆಡುಮಾತಿನಲ್ಲಿಯೇ ಬರೆದಿದ್ದರು. ಅದನ್ನು ಶಿಷ್ಟ ಭಾಷೆಗೆ ತಿದ್ದಿಕೊಡಬೇಕೆಂದು ಪ್ರಕಾಶಕರು ಕೇಳಿದರು, ಲೇಖಕಿ ಒಪ್ಪಲಿಲ್ಲ. ಒಬ್ಬ ಮನುಷ್ಯನ ನೆಲವನ್ನು ಕಿತ್ತುಕೊಂಡಾಗಿದೆ, ಹೆಸರನ್ನು ಕಿತ್ತುಕೊಂಡಾಗಿದೆ, ಇನ್ನು ನುಡಿಯನ್ನೂ ಕಿತ್ತುಕೊಳ್ಳಬೇಕೆ? ಕೊಸ್ಸೋಲ ಅವರು 1935ರಲ್ಲಿ, ಹರ್ಸ್ಟನ್ ಅವರು 1960ರಲ್ಲಿ ತೀರಿಕೊಂಡರು. ಆ ಹಸ್ತಪ್ರತಿಯು ‘ಬಾರಕೂನ್’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದದ್ದು 2018ರಲ್ಲಿ.

ತಾಯಿಯ ಮಡಿಲಲ್ಲಿ ಬಂದ ಆ ಕೂಸು ಮಟಿಲ್ಡಾ, ತಮ್ಮ ಎಪ್ಪತ್ತರ ವಯಸ್ಸಿನಲ್ಲಿ, 1931ರಲ್ಲಿ, ಸುಮಾರು 15 ಮೈಲಿ ನಡೆದು ಸೆಲ್ಮಾ ಪಟ್ಟಣದ ನ್ಯಾಯಾಲಯಕ್ಕೆ ಹೋಗಿ ತಮಗಾದ ಅನ್ಯಾಯಕ್ಕೆ ಪರಿಹಾರ ಕೇಳಿದರು. ಬರಿಗೈಯಲ್ಲಿ ಹಿಂದಿರುಗಿದರು. 1940ರಲ್ಲಿ ಅವರು ಕಣ್ಣುಮುಚ್ಚಿದಾಗ, ಕ್ಲೋಟಿಲ್ಡಾದಲ್ಲಿ ಬಂದವರೆಂದು ಗುರುತಿಸಲಾದವರಲ್ಲಿ ಕೊನೆಯ ಕೊಂಡಿ ಕಳಚಿತು.

ನದಿ ಹಿಂದಿರುಗಿಸಿದ ಸಾಕ್ಷಿ

ಅನಂತರದ ದಿನಗಳಲ್ಲಿ ಇದೆಲ್ಲ ಕಟ್ಟುಕಥೆ ಎಂದವರು ಹಲವರು. ಹಡಗು ಎಲ್ಲಿದೆ, ತೋರಿಸಿ ಎಂದು ಕೇಳಿದರು. ಆಫ್ರಿಕಾಟೌನಿನ ಜನರ ಬಳಿ ತೋರಿಸಲು ಏನೂ ಇರಲಿಲ್ಲ. ಅಜ್ಜ ಅಜ್ಜಿಯರು ಹೇಳಿದ ಮಾತು ಮಾತ್ರ ಇತ್ತು. ಆ ಮಾತನ್ನು ಅವರು ಬಿಡಲಿಲ್ಲ. ಮಕ್ಕಳಿಗೆ ಹೇಳಿದರು, ಮೊಮ್ಮಕ್ಕಳಿಗೆ ಹೇಳಿದರು. ಅವರ ಊರಿನ ಸುತ್ತ ಕಾಗದದ ಕಾರ್ಖಾನೆಗಳು ಎದ್ದವು, ಹೊಗೆ ಕವಿಯಿತು, ಹೆದ್ದಾರಿಯೂ ಸೇತುವೆಯೂ ಬಂದು ಊರನ್ನು ಸೀಳಿದವು. ಒಂದು ಕಾಲಕ್ಕೆ 12,000 ಜನರಿದ್ದ ಊರಿನಲ್ಲಿ ಸುಮಾರು 2,000 ಜನರಷ್ಟೇ ಉಳಿದರು. ಆದರೂ ಕಥೆಯು ಉಳಿಯಿತು.

2018ರ ಆರಂಭದಲ್ಲಿ ನದಿಯ ಕೆಸರಿನಲ್ಲಿ ಕಂಡ ಒಂದು ಹಳೆಯ ಹಡಗು ಕ್ಲೋಟಿಲ್ಡಾ ಇರಬಹುದೆಂದು ಭಾವಿಸಿದರು; ಪರೀಕ್ಷೆಯಲ್ಲಿ ಅದು ಬೇರೆಯದೆಂದು ತಿಳಿಯಿತು. ಹುಡುಕಾಟ ಮಾತ್ರ ನಿಲ್ಲಲಿಲ್ಲ. ನದಿಯ ತಳದಲ್ಲಿ ಮತ್ತೊಂದು ಹಡಗಿನ ಅವಶೇಷ ಸಿಕ್ಕಿತು. ಅದರ ಅಳತೆ, ಹಲಗೆಯ ಮರ, ಚೌಕಟ್ಟಿನ ಮರ, ತಾಮ್ರದ ಹೊದಿಕೆ ಎಲ್ಲವನ್ನೂ ಫಾಸ್ಟರನ ಹಡಗಿನ ದಾಖಲೆಯೊಡನೆ ಹೋಲಿಸಿ ನೋಡಿದರು. ಸುಟ್ಟ ಗುರುತೂ ಸಿಕ್ಕಿತು. 2019ರ ಮೇ ತಿಂಗಳಲ್ಲಿ ಅಲಬಾಮಾದ ಐತಿಹಾಸಿಕ ಆಯೋಗವು ಇದೇ ಕ್ಲೋಟಿಲ್ಡಾ ಎಂದು ಸಾರಿತು. ಕೆಸರು ಹೂತಿಟ್ಟಿದ್ದ ಕಾರಣ ಹಡಗಿನ ಹೆಚ್ಚಿನ ಭಾಗ ಕೊಳೆಯದೆ ಉಳಿದಿದೆ. ಜನರನ್ನು ತುಂಬಿದ್ದ ತಳಕೋಣೆಯೂ ಅದರಲ್ಲಿ ಸೇರಿದೆ. 2023ರ ಜುಲೈನಲ್ಲಿ ಆಫ್ರಿಕಾಟೌನಿನಲ್ಲಿ ಪರಂಪರೆಯ ಮನೆಯೊಂದು ತೆರೆಯಿತು. ಹಡಗಿನ ಮರದ ಕೆಲವು ತುಂಡುಗಳನ್ನು ಅಲ್ಲಿ ನೀರಿನಲ್ಲಿರಿಸಿ ಕಾಪಾಡಲಾಗಿದೆ. 110 ಜನರ ವೃತ್ತಾಂತವನ್ನು ನಿರೂಪಿಸಲಾಗಿದೆ.

ಹಡಗು ಸಿಕ್ಕಿತೆಂದು ಅನ್ಯಾಯ ಅಳಿಯಲಿಲ್ಲ. ಶಿಕ್ಷೆ ಆಗಬೇಕಾದವರು ಎಂದೋ ಸುಖವಾಗಿ ಸತ್ತರು. ಪರಿಹಾರ ಪಡೆಯಬೇಕಾದವರೂ ಇಲ್ಲ. ಕಾರ್ಖಾನೆಯ ಹೊಗೆಯಲ್ಲಿ ಕುಗ್ಗಿದ ಊರು ಮತ್ತೆ ಚಿಗುರಬೇಕಾದ ಕೆಲಸ ಇನ್ನೂ ಉಳಿದಿದೆ. ಆದರೆ ಅಜ್ಜನು ಹೇಳಿದ ಮಾತು ನಿಜವೆಂದು ಮೊಮ್ಮಕ್ಕಳ ಮಕ್ಕಳು ಇಂದು ಲೋಕದೆದುರು ತಲೆಯೆತ್ತಿ ಹೇಳಬಲ್ಲರು. ಹಣವಂತರು ಬೆಂಕಿಯನ್ನೂ ನ್ಯಾಯಾಲಯವನ್ನೂ ಬಳಸಿ ಮುಚ್ಚಿದ ಸತ್ಯವನ್ನು, ಓದು ಬರಹವಿಲ್ಲದ ಮುದುಕರು ಬಾಯಿಮಾತಿನಲ್ಲಿಯೇ 159 ವರ್ಷ ಬದುಕಿಸಿಕೊಳ್ಳುವಂತೆ ತಮ್ಮ ಮನೆಗಳನ್ನು ಕಟ್ಟಿದರು.

ನಮ್ಮ ಮನೆಗಳಲ್ಲಿಯೂ ಹಿರಿಯರು ಇದ್ದಾರೆ. ಅವರು ಕಂಡ ಬರಗಾಲ, ಪಟ್ಟ ಕಷ್ಟ, ನುಂಗಿದ ಅವಮಾನ, ಕಟ್ಟಿದ ಬಾಳು ಯಾವ ಪುಸ್ತಕದಲ್ಲಿಯೂ ಇಲ್ಲ. ಸಂಜೆಯ ಹೊತ್ತು ಮಕ್ಕಳನ್ನು ಅವರ ಬಳಿ ಕೂರಿಸೋಣ. ಹೇಳಿದ್ದನ್ನೇ ಮತ್ತೆ ಹೇಳಿದರೂ ತಾಳ್ಮೆಯಿಂದ ಕೇಳೋಣ. ಕ್ಲೋಟಿಲ್ಡಾದ ಕಥೆಯನ್ನೂ ಆ ಮಕ್ಕಳಿಗೆ ಹೇಳೋಣ. ಮನುಷ್ಯನಿಗೆ ಬೆಲೆ ಕಟ್ಟುವ ಸಂತೆ ಮತ್ತೆಲ್ಲಿಯಾದರೂ ನೆರೆದರೆ, ಅದನ್ನು ಗುರುತಿಸುವ ಕಣ್ಣು ಅವರಿಗಿರಲಿ.